ತಟ್ಟೆಯ ಮೇಲಿನ ಹೆಸರು

ಒಬ್ಬರು: ಸಂಗೀತ ಕಟ್ಟಿದವನಿಗೂ ಅದನ್ನು ಅಚ್ಚು ಹಾಕಿ ಮಾರಿದವನಿಗೂ ನಡುವೆ ಎಂಥ ನಂಟಿತ್ತು ಎಂಬ ಪ್ರಶ್ನೆ ಬಂದರೆ ಎಲ್ಲರೂ ಹೋಗುವುದು ವಿಯೆನ್ನಾಕ್ಕೆ, ಲೈಪ್‌ಜಿಗ್‌ಗೆ, ಬರ್ಲಿನ್ನಿಗೆ. ಬೇಥೋವನ್ ತನ್ನ ದೊಡ್ಡ ಮಾಸ್ ಒಂದನ್ನೇ ನಾಲ್ಕಾರು ಪ್ರಕಾಶಕರಿಗೆ ತೋರಿಸಿ ಆಸೆ ಹುಟ್ಟಿಸಿ, ಕೊನೆಗೆ ಮೈಂಟ್ಸ್ ನಗರದ ಷಾಟ್ ಅವರಿಗೆ ಕೊಟ್ಟ ಕಥೆಯನ್ನು ಹೇಳಿ ನಗುತ್ತಾರೆ. ನಾವಿರುವ ಈ ಕುವೈತಿಗೂ ಆ ಪ್ರಶ್ನೆಗೂ ಏನು ಸಂಬಂಧ? ಇಲ್ಲಿನ ಶಿಷ್ಟ ಸಂಗೀತವೆಂದರೆ ಸೌತ್. ಒಂದು ಊದ್, ಒಂದು ಪಿಟೀಲು, ಅಂಗೈಯಗಲದ ಮಿರ್ವಾಸ್ ಎಂಬ ಚರ್ಮವಾದ್ಯ, ಸುತ್ತ ಕೂತವರ ಲೆಕ್ಕಾಚಾರದ ಚಪ್ಪಾಳೆ. ಅದನ್ನು ಬರೆದಿಟ್ಟವರಿಲ್ಲ, ಕೇಳಿ ಕಲಿತರು. ಪ್ರಕಾಶಕನೇ ಇಲ್ಲದ ಊರಲ್ಲಿ ಪ್ರಕಾಶಕನ ಗುಣದೋಷ ಚರ್ಚಿಸುವುದೇನು?

ಮತ್ತೊಬ್ಬರು: ಕಾಗದದಲ್ಲಿ ಹುಡುಕಿದರೆ ಸಿಗಲಾರ; ಅರಗಿನ ತಟ್ಟೆಯಲ್ಲಿ ಹುಡುಕಿ. 1927ರಲ್ಲಿ ಅಬ್ದುಲ್ಲತೀಫ್ ಅಲ್-ಕುವೈತಿ ಬಗ್ದಾದಿಗೆ ಹೋಗಿ ಧ್ವನಿಮುದ್ರಣಕ್ಕೆಂದು ಸೌತ್ ಹಾಡಿದ. ಕುವೈತಿನ ಸಂಗೀತ ಮೊದಲ ಸಲ ತಟ್ಟೆಗೆ ಇಳಿದದ್ದು ಆಗ. ಅಂಥ ಹಾಡುಗಳನ್ನು ಮುದ್ರಿಸಿಕೊಳ್ಳುತ್ತಿದ್ದ ಕಂಪನಿಗಳಲ್ಲಿ ಬೈರೂತಿನ ಬೈದಾ ಮನೆತನದವರ ಬೈದಾಫೋನ್ ಒಂದು; ನಮ್ಮ ಎಚ್‌ಎಂವಿಗೆ ನಾಯಿ ಇದ್ದಂತೆ ಅದಕ್ಕೆ ಜಿಂಕೆಯ ಗುರುತು. ಮುದ್ರಿಸಿಕೊಂಡದ್ದನ್ನು ಬರ್ಲಿನ್ನಿಗೆ ಕಳಿಸಿ, ತಟ್ಟೆ ಒತ್ತಿಸಿ, ಹಡಗಿನಲ್ಲಿ ವಾಪಸು ತರಿಸಿ ಮಾರುತ್ತಿದ್ದರು. ತಟ್ಟೆಗೆ ಬೇಕಾದ ಅರಗು ಬಹುಪಾಲು ನಮ್ಮ ದೇಶದ ಕಾಡುಗಳಿಂದ ಹೋಗುತ್ತಿದ್ದದ್ದು ಎಂಬುದು ಬೇರೆ ಮಾತು. ಮುಖ್ಯ ಸಂಗತಿ ಇಷ್ಟು: ಹಾಡನ್ನು ಆರಿಸಿದ್ದು, ದುಡ್ಡು ಹೂಡಿದ್ದು, ಪ್ರತಿ ಮಾಡಿಸಿದ್ದು, ಹೆಸರು ಅಚ್ಚು ಹಾಕಿಸಿದ್ದು, ಊರೂರಿಗೆ ಮುಟ್ಟಿಸಿದ್ದು ಕಂಪನಿ. ಪ್ರಕಾಶಕನ ಕೆಲಸ ಇದಲ್ಲದೆ ಇನ್ನೇನು? ಸ್ವರಲಿಪಿ ಓದುವ ಗಿರಾಕಿ ಇದ್ದ ಊರಿನಲ್ಲಿ ಪ್ರಕಾಶಕ ಕಾಗದ ಮಾರಿದ, ಕೇಳುವ ಗಿರಾಕಿ ಇದ್ದಲ್ಲಿ ತಟ್ಟೆ ಮಾರಿದ.

ಒಬ್ಬರು: ಸರಿ, ಅದನ್ನು ಒಪ್ಪೋಣ. ಆದರೆ ಅವನನ್ನು ಪ್ರಕಾಶಕ ಎಂದು ಕರೆದ ಕೂಡಲೇ ಪ್ರಕಾಶಕನ ಮೇಲಿನ ಎಲ್ಲ ದೂರುಗಳೂ ಅವನ ತಲೆಗೆ ಬರುತ್ತವೆ. ಆ ಕಾಲದ ಕಂಪನಿಗಳ ವ್ಯವಹಾರ ಸಾಮಾನ್ಯವಾಗಿ ಒಂದೇ ಬಗೆಯದು: ಕೂತು ಹಾಡಿದ್ದಕ್ಕೆ ಒಂದು ಗಂಟು ಹಣ, ಅಲ್ಲಿಗೆ ಲೆಕ್ಕ ಚುಕ್ತಾ. ತಟ್ಟೆ ನೂರು ಮಾರಲಿ, ಹತ್ತು ಸಾವಿರ ಮಾರಲಿ, ಹಾಡಿದವನಿಗೆ ಮತ್ತೆ ಬಿಡಿಗಾಸಿಲ್ಲ. ಇನ್ನು ಕಲೆಗೆ ಮಾಡಿದ ಗಾಯ. ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ದಿವಾನಿಯಾ ಎಂಬ ಇಲ್ಲಿನ ಬೈಠಕ್ಕಿನಲ್ಲಿ ರಾತ್ರಿಯೆಲ್ಲ ಬೆಳೆಯುವ ಹಾಡು, ಆರಂಭದ ಆಲಾಪನೆ, ನಡುವಿನ ಕುಣಿತ, ಮುಗಿತಾಯದ ತೌಶೀಹಾ ಎಲ್ಲವನ್ನೂ ಕತ್ತರಿಸಿ ಮೂರು ನಿಮಿಷಕ್ಕೆ ತುರುಕಿದರು. ನಮ್ಮ ಹಿಂದುಸ್ತಾನಿ ಗಾಯಕರಿಗೂ ಅದೇ ಗತಿಯಾಯಿತು. ಇಂಥವನಿಗೆ ಕೃತಜ್ಞತೆ ಹೇಳಬೇಕೇ?

ಮತ್ತೊಬ್ಬರು: ಕೃತಜ್ಞತೆ ಬೇಡ. ಲೆಕ್ಕ ಸರಿಯಾಗಿ ಮಾಡೋಣ ಎನ್ನುತ್ತೇನೆ. ಪ್ರಕಾಶಕನನ್ನು ಅಳೆಯುವಾಗ ನಾವು ಹಣದ ಕಾಲಮ್ಮನ್ನು ಮಾತ್ರ ನೋಡುತ್ತೇವೆ. ಅಲ್ಲಿ ಅವನು ಬಹುತೇಕ ಸೋಲುತ್ತಾನೆ, ಅದರಲ್ಲಿ ತಕರಾರಿಲ್ಲ. 1878ರಲ್ಲಿ ಬರ್ಲಿನ್ನಿನ ಪ್ರಕಾಶಕ ಜಿಮ್ರಾಕ್, ಚೆಕ್ ರಚನಕಾರ ದ್ವೋರ್ಜಾಕ್‌ನ ಸ್ಲಾವೋನಿಕ್ ಕುಣಿತಗಳ ಮೊದಲ ಗುಚ್ಛಕ್ಕೆ 300 ಮಾರ್ಕ್ ಕೊಟ್ಟು ತಾನು ಬೇಕಾದಷ್ಟು ಗಳಿಸಿದ. ಆದರೆ ಅದೇ ಪತ್ರವ್ಯವಹಾರದಲ್ಲಿ ಇನ್ನೊಂದು ಜಗಳವಿದೆ. ಜಿಮ್ರಾಕ್ ಹೆಸರನ್ನು ಜರ್ಮನ್ ರೀತಿಯಲ್ಲಿ ಆಂಟೊನ್ ಎಂದು ಅಚ್ಚು ಹಾಕಿಸುತ್ತಿದ್ದ. ತಾನು ಚೆಕ್, ತನ್ನ ಹೆಸರು ಆಂಟೊನಿನ್, ಅದು ಬೇಡವಾದರೆ ಎರಡು ಭಾಷೆಗೂ ಹೊಂದುವ ಹಾಗೆ ಆಂಟ್. ಎಂದು ಮೊಟಕು ಮಾಡಿಯಾದರೂ ಹಾಕು ಎಂದು ದ್ವೋರ್ಜಾಕ್ ಹಟ ಹಿಡಿದ. ಸಿಂಫೊನಿಯ ಬೆಲೆಗಾಗಿ ಚೌಕಾಸಿ ಮಾಡುತ್ತಿದ್ದ ಹೊತ್ತಿನಲ್ಲೇ ಮೂರಕ್ಷರಕ್ಕಾಗಿಯೂ ಚೌಕಾಸಿ. ಹಣ ಖರ್ಚಾಗಿಹೋಗುತ್ತದೆ, ಮುಖಪುಟದ ಹೆಸರು ಉಳಿಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ನನ್ನ ವಾದ ಈ ಎರಡನೆಯ ಕಾಲಮ್ಮಿನ ಬಗ್ಗೆ. ಇದನ್ನು ಯಾರು ಮಾಡಿದರು ಎಂಬುದಕ್ಕೆ ಸಾಕ್ಷಿ ನಿಲ್ಲುವ ಕೆಲಸದಲ್ಲಿ ಆಶ್ರಯದಾತ ಸೋತಿದ್ದಾನೆ, ಸರ್ಕಾರ ಸೋತಿದೆ; ಲಾಭಕ್ಕೆ ಕೂತ ಪ್ರಕಾಶಕ ಅಷ್ಟಾಗಿ ಸೋತಿಲ್ಲ. ಇದಕ್ಕೆ ಕುವೈತಿಗಿಂತ ಒಳ್ಳೆಯ ನಿದರ್ಶನ ನನಗೆ ಕಂಡಿಲ್ಲ.

ಒಬ್ಬರು: ನೀವು ಸಾಲಿಹ್ ಮತ್ತು ದಾವೂದ್ ಸಹೋದರರ ವಿಷಯಕ್ಕೆ ಬರುತ್ತಿದ್ದೀರಿ.

ಮತ್ತೊಬ್ಬರು: ಬರಲೇಬೇಕು. ಇರಾಕಿನ ಮೂಲದ ಯಹೂದಿ ವರ್ತಕ ಮನೆತನ. ಅಣ್ಣ ಸಾಲಿಹ್ 1908ರಲ್ಲಿ, ತಮ್ಮ ದಾವೂದ್ 1910ರಲ್ಲಿ, ಇಬ್ಬರೂ ಇದೇ ಕುವೈತಿನಲ್ಲಿ ಹುಟ್ಟಿದವರು. ವ್ಯಾಪಾರಕ್ಕೆ ಇಂಡಿಯಾಕ್ಕೆ ಹೋಗಿದ್ದ ಬಂಧುವೊಬ್ಬರು ತಂದುಕೊಟ್ಟ ಪಿಟೀಲು ಅಣ್ಣನ ಕೈಗೆ, ಊದ್ ತಮ್ಮನ ಕೈಗೆ ಬಂತು. ಊದ್ ವಾದಕ ಖಾಲಿದ್ ಅಲ್-ಬಕರ್ ಅವರಲ್ಲಿ ಕಲಿತು, ಹುಡುಗರಾಗಿದ್ದಾಗಲೇ ಇಲ್ಲಿನ ದೊಡ್ಡವರ ಮನೆಗಳಲ್ಲಿ ನುಡಿಸುತ್ತಿದ್ದರು. ತಟ್ಟೆ ಕಂಪನಿಗಳು ಕರೆದವು, ಹೆಸರು ಕೊಲ್ಲಿಯ ತುಂಬ ಹಬ್ಬಿತು, ಮೊದಲು ಬಸ್ರಾಕ್ಕೆ, ಆಮೇಲೆ ಬಗ್ದಾದಿಗೆ ನೆಲೆ ಬದಲಾಯಿತು. ಅಲ್ಲಿ ಸಾಲಿಹ್ ಮಾಡಿದ್ದು ಸಣ್ಣ ಕೆಲಸವಲ್ಲ. ಸಲೀಮಾ ಮುರಾದ್ ಮುಂತಾದ ಗಾಯಕಿಯರಿಗೆ ಹಾಡಿನ ಮೇಲೆ ಹಾಡು ಕಟ್ಟಿದ, ಮಖಾಮಿನ ಹಳೆಯ ಜಾಡಿಗೆ ಹೊಸ ನಗರಗೀತೆಯ ರೂಪ ಕೊಟ್ಟ. 1932ರಲ್ಲಿ ಬಗ್ದಾದಿಗೆ ಬಂದ ಈಜಿಪ್ಟಿನ ಗಾಯಕಿ ಉಮ್ ಕುಲ್ಸುಮ್ ಅವನ ಒಂದು ಹಾಡನ್ನು ಕಲಿತು ಹಾಡಿದಳು. 1936ರಲ್ಲಿ ಇರಾಕ್ ರೇಡಿಯೊ ಶುರುವಾದಾಗ ಅದರ ವಾದ್ಯವೃಂದ ಕಟ್ಟಿದವರಲ್ಲಿ ಈ ಸಹೋದರರು ಮುಂದಿದ್ದರು. ದೊರೆ ಗಾಝಿಯೇ ಇವರ ಅಭಿಮಾನಿ. 1951ರಲ್ಲಿ, ಇರಾಕಿನ ಬಹುಪಾಲು ಯಹೂದಿಗಳು ಊರು ಬಿಡಬೇಕಾಗಿ ಬಂದಾಗ ಇವರೂ ಇಸ್ರೇಲಿಗೆ ಹೋದರು. ಅಲ್ಲಿ ಹೊಟ್ಟೆಪಾಡಿಗೆ ಟೆಲ್ ಅವೀವಿನ ಹತಿಕ್ವಾ ಬಡಾವಣೆಯಲ್ಲಿ ಪಾತ್ರೆ ಪಗಡ ಮಾರಿದರು. ರೇಡಿಯೊದ ಅರಬ್ಬಿ ಕಾರ್ಯಕ್ರಮಕ್ಕೆ ನುಡಿಸಿದರು. ಇತ್ತ ಇರಾಕಿನಲ್ಲಿ 1970ರ ದಶಕದ ಬಾಥ್ ಆಡಳಿತ ಇವರ ಹೆಸರನ್ನು ತೆಗೆದುಹಾಕಿಸಿತು. ಹಾಡನ್ನು ನಿಲ್ಲಿಸಲಿಲ್ಲ, ನೋಡಿ! ನಿಲ್ಲಿಸುವುದು ಸಾಧ್ಯವೂ ಇರಲಿಲ್ಲ, ಜನರ ಬಾಯಲ್ಲಿ ಕೂತುಬಿಟ್ಟಿತ್ತು. ಹಾಡು ಪ್ರಸಾರವಾಗುತ್ತಲೇ ಇತ್ತು, ರಚನೆ ಯಾರದು ಎಂಬ ಕಡೆ ಮಾತ್ರ ‘ಜನಪದ’ ಎಂದಾಯಿತು.

ಈಗ ಯಾರು ಏನು ಮಾಡಿದರು ನೋಡಿ. ದೊರೆಯ ಪ್ರೀತಿ ದೊರೆಯ ಜೊತೆಗೇ ಹೋಯಿತು. 1939ರಲ್ಲಿ ಗಾಝಿ ತೀರಿಕೊಂಡ. ರೇಡಿಯೊ ಸರ್ಕಾರದ ಸೊತ್ತು. ಸರ್ಕಾರ ಬದಲಾದಾಗ ಅದರ ದಾಖಲೆಯೂ ಬದಲಾಯಿತು, ಒಂದು ಆದೇಶ ಸಾಕಾಯಿತು. ತಟ್ಟೆಗಳು? ಅವು ಕಂಪನಿಯ ಕೈಯಲ್ಲೂ ಉಳಿದಿರಲಿಲ್ಲ. ಬಸ್ರಾದಿಂದ ಬಹ್ರೈನಿನವರೆಗೆ ಮನೆಮನೆಯ ಪೆಟ್ಟಿಗೆಗಳಲ್ಲಿ, ಕಾಫಿ ಅಂಗಡಿಗಳ ಕಪಾಟುಗಳಲ್ಲಿ ಹಂಚಿಹೋಗಿದ್ದವು. ಪ್ರತಿಯೊಂದರ ನಡುವೆ ದುಂಡನೆಯ ಕಾಗದ, ಅದರ ಮೇಲೆ ಕಂಪನಿಯ ಗುರುತು, ಒಂದು ಸಂಖ್ಯೆ, ಹಾಡಿನ ಮೊದಲ ಪದಗಳು, ಹೆಸರು. ಈ ಹೆಸರನ್ನು ಅಳಿಸಬೇಕೆಂದರೆ ಒಂದೊಂದು ಮನೆಗೂ ಪೊಲೀಸರನ್ನು ಕಳಿಸಬೇಕು. ಪ್ರೀತಿಯಿಂದಲ್ಲ, ಮಾರಾಟಕ್ಕಾಗಿ ಅಚ್ಚು ಹಾಕಿದ ಹೆಸರು ಅದು. ಹೆಸರಿಲ್ಲದಿದ್ದರೆ ಗಿರಾಕಿ ಕೇಳಿ ಪಡೆಯುವುದಾದರೂ ಹೇಗೆ? ಆ ಲೋಭವೇ ಸಾಕ್ಷಿಯಾಯಿತು.

ಒಬ್ಬರು: ಇಲ್ಲಿ ನೀವು ಒಂದು ದೊಡ್ಡ ಕಂದಕವನ್ನು ಸದ್ದಿಲ್ಲದೆ ದಾಟಿಬಿಟ್ಟಿರಿ. ತಟ್ಟೆಯ ಮೇಲೆ ಗಿರಾಕಿ ಹುಡುಕುತ್ತಿದ್ದದ್ದು ಹಾಡಿದವನ ಹೆಸರನ್ನು. ಕಟ್ಟಿದವನ ಹೆಸರು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಈ ಸಹೋದರರು ತಾವೇ ಹಾಡಿ ನುಡಿಸಿದ ತಟ್ಟೆಗಳಲ್ಲಿ ಅವರ ಹೆಸರು ಉಳಿದದ್ದು ಅವರು ರಚನಕಾರರು ಎಂಬ ಕಾರಣಕ್ಕಲ್ಲ. ಸೌತ್ ಪರಂಪರೆಯ ಪಿತಾಮಹ ಎನ್ನಿಸಿಕೊಂಡ ಅಬ್ದುಲ್ಲಾ ಅಲ್-ಫರಜ್‌ನನ್ನೇ ತೆಗೆದುಕೊಳ್ಳಿ. ಅಪ್ಪ ಮುಂಬಯಿಯಲ್ಲಿ ವರ್ತಕ. ಮಗ ಅಲ್ಲೇ ಬೆಳೆದು, ಅಲ್ಲಿನ ಸಂಗೀತ ಕಲಿತು, ಕುವೈತಿಗೆ ಮರಳಿ ಸೌತ್‌ಗೆ ಇಂದಿನ ರೂಪ ಕೊಟ್ಟವನು. ಅವನು ತೀರಿಕೊಂಡದ್ದು 1901ರಲ್ಲಿ, ಇಲ್ಲಿನವರ ಹಾಡು ತಟ್ಟೆಗೆ ಇಳಿಯುವ ಕಾಲು ಶತಮಾನ ಮುಂಚೆ. ಅವನ ಮಟ್ಟುಗಳನ್ನು ಹಾಡಿ ಹೆಸರು ಮಾಡಿದವರು ಬೇರೆಯವರು. ಅವನ ಕವಿತೆಗಳನ್ನು ಅದೇ ಮನೆತನದ ಕವಿ ಖಾಲಿದ್ ಅಲ್-ಫರಜ್ ಸಂಗ್ರಹಿಸಿದ್ದರಿಂದ ಕವಿ ಅಬ್ದುಲ್ಲಾ ಪುಸ್ತಕದಲ್ಲಿ ಸಿಗುತ್ತಾನೆ, ಸಂಗೀತಗಾರ ಅಬ್ದುಲ್ಲಾ ಹೀಗಂತೆ ಹಾಗಂತೆ ಎಂಬ ಮಾತಿನಲ್ಲಿ ಮಾತ್ರ. ಅಷ್ಟೇ ಅಲ್ಲ, ಕಂಪನಿಗಳು ಹೆಸರನ್ನು ಬೇಕಾದ ಹಾಗೆ ತಿದ್ದುತ್ತಿದ್ದವು. ನಮ್ಮ ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳು ಬಂದದ್ದು ಗಾಂಧಾರಿ ಎಂಬ ಹೆಸರಿನಲ್ಲಿ. ಹುಬ್ಬಳ್ಳಿಯ ಹೆಂಗಸಿಗೆ ಕಂಪನಿ ಇಟ್ಟ ನಾಮಕರಣ! ಇದು ಎಂಥ ಸಾಕ್ಷಿ?

ಮತ್ತೊಬ್ಬರು: ಕೆಟ್ಟ ಸಾಕ್ಷಿ, ಆದರೂ ಸಾಕ್ಷಿ. ಗಾಂಧಾರಿ ಎಂದರೆ ಯಾರು ಎಂದು ಇವತ್ತು ಬಿಡಿಸಿ ಹೇಳಲು ಬರುತ್ತದೆ, ಯಾಕೆಂದರೆ ತಟ್ಟೆ ಇದೆ, ದನಿ ಇದೆ. ಬರೀ ‘ಪಾರಂಪರಿಕ’ ಎಂದು ಬರೆದಿದ್ದರೆ ಬಿಡಿಸುವುದಕ್ಕೆ ಗಂಟಾದರೂ ಎಲ್ಲಿರುತ್ತಿತ್ತು? 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾಳೆ. ಜಂಬಕ್ಕಲ್ಲ, ಜರ್ಮನಿಯ ಹ್ಯಾನೋವರಿನಲ್ಲಿ ತಟ್ಟೆ ಒತ್ತುವವನಿಗೆ ಯಾವ ಚೀಟಿ ಯಾವ ತಟ್ಟೆಗೆ ಅಂಟಿಸಬೇಕೆಂದು ತಿಳಿಯಲಿ ಎಂದು. ಅರಬ್ಬಿ ತಟ್ಟೆಗಳಲ್ಲೂ ಹಾಡಿಗೆ ಮುಂಚೆ ಕಂಪನಿಯ ಹೆಸರನ್ನೂ ಗಾಯಕನ ಹೆಸರನ್ನೂ ಸಾರುವ ದನಿಯೊಂದಿರುತ್ತದೆ. ಕಾರ್ಖಾನೆಯ ಅನುಕೂಲಕ್ಕೆ ಮಾಡಿದ ಏರ್ಪಾಡು, ಇವತ್ತು ಚರಿತ್ರೆ. ಆ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ಅವಳಿಗೆ ಕೊನೆಗಾಲದ ಅನ್ನ ಕೊಟ್ಟದ್ದು ಅರಮನೆ, ಹೆಸರು ಉಳಿಸಿದ್ದು ಕಂಪನಿ.

ಆದರೆ ನಿಮ್ಮ ಮುಖ್ಯ ಆಕ್ಷೇಪಣೆ ಸರಿ. ತಟ್ಟೆ ಗಾಯಕನಿಗೆ ನಿಂತ ಸಾಕ್ಷಿ, ರಚನಕಾರನಿಗೆ ಅರ್ಧ ಸಾಕ್ಷಿ. ಹಾಗಾಗಿಯೇ ತಿಳಿದ ರಚನಕಾರರು ಪ್ರಕಾಶಕನ ಕುರ್ಚಿಯನ್ನೇ ಹಿಡಿಯಲು ನೋಡಿದರು. ಕೈರೋದಲ್ಲಿ ಮುಹಮ್ಮದ್ ಅಬ್ದುಲ್ ವಹಾಬ್ ಬೈದಾಫೋನಿನ ಪಾಲುದಾರನಾದ, ಅಲ್ಲಿನ ಕಂಪನಿ ಕೈರೋಫೋನ್ ಆಯಿತು. ಮೈಸೂರು ವಾಸುದೇವಾಚಾರ್ಯರು ಅರಮನೆಯ ವಿದ್ವಾಂಸರಾಗಿದ್ದರೂ ಅರಮನೆಯ ನೆನಪಿನ ಶಕ್ತಿಯನ್ನು ನಂಬಿ ಕೂರಲಿಲ್ಲ. ತಮ್ಮ ಕೃತಿಗಳಿಗೆ ಸ್ವರ ಹಾಕಿ ‘ವಾಸುದೇವ ಕೀರ್ತನ ಮಂಜರಿ’ ಎಂದು ಪ್ರಕಟಿಸಿದರು.

ಒಬ್ಬರು: ವಾಸುದೇವಾಚಾರ್ಯರ ಮಾತು ಬಂದದ್ದು ಒಳ್ಳೆಯದಾಯಿತು, ಯಾಕೆಂದರೆ ನಿಮ್ಮ ವಾದವನ್ನು ಮುರಿಯುವ ಅಸ್ತ್ರ ಅಲ್ಲೇ ಇದೆ. ಅವರ ಕೃತಿಗಳಲ್ಲಿ ವಾಸುದೇವ ಎಂಬ ಮುದ್ರೆ ಹಾಡಿನೊಳಗೇ ಕೂತಿದೆ. ಪುರಂದರದಾಸರಿಗೆ, ಕನಕದಾಸರಿಗೆ, ಅವರಿಗೂ ಹಿಂದೆ ವಚನಕಾರರಿಗೆ ಅಂಕಿತವಿತ್ತು. ಪ್ರಕಾಶಕ ಇರಲಿ ಬಿಡಲಿ, ದೊರೆ ಬದಲಾಗಲಿ, ಭಿಕ್ಷುಕನ ಬಾಯಲ್ಲೂ ರಚನಕಾರನ ಗುರುತು ಹೋಗಲಿಲ್ಲ. ಐನೂರು ವರ್ಷ ಕಾಗದದ ಹಂಗಿಲ್ಲದೆ ಹೆಸರು ಉಳಿಯಿತು. ಆ ಸಹೋದರರ ಹಾಡಿನಲ್ಲಿ ಒಂದು ಅಂಕಿತವಿದ್ದಿದ್ದರೆ ಬಾಥ್ ಪಕ್ಷ ಏನು ಮಾಡಲಾಗುತ್ತಿತ್ತು? ಆದ್ದರಿಂದ ಸಾಕ್ಷಿಗೆ ಪ್ರಕಾಶಕನೇ ಬೇಕು ಎಂಬುದು ಅಂಕಿತದ ಪದ್ಧತಿ ಇಲ್ಲದ ಸಮಾಜಗಳ ಕಷ್ಟ.

ಮತ್ತೊಬ್ಬರು: ಇದು ಒಳ್ಳೆಯ ಏಟು. ಆದರೆ ಅಂಕಿತ ಕಾಪಾಡಿದ್ದು ಯಾವುದನ್ನು? ಸಾಹಿತ್ಯವನ್ನು. ಪುರಂದರದಾಸರು ಯಾವ ಮಟ್ಟಿನಲ್ಲಿ ಹಾಡಿದರು? ನಮ್ಮ ಕಚೇರಿಗಳಲ್ಲಿ ಕೇಳುವ ರಾಗತಾಳಗಳು ಬಹುಪಾಲು ಆಮೇಲಿನವರು ಕೂಡಿಸಿದ್ದು. ಒಂದೇ ಪದಕ್ಕೆ ನಾಲ್ಕು ರಾಗಗಳಿವೆ. 1850ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ದಾಸರ ಪದಗಳನ್ನು ಅಚ್ಚು ಹಾಕಿಸಿದಾಗ ಅವನಿಗೆ ಸಿಕ್ಕಿದ್ದೂ ಮಾತುಗಳೇ. ಕರ್ನಾಟಕ ಸಂಗೀತದ ಪಿತಾಮಹ ಎಂದು ಕೈಮುಗಿಯುತ್ತೇವೆ, ಅವರ ನಾದ ನಮ್ಮ ಹತ್ತಿರ ಇಲ್ಲ. ಮುದ್ದುಸ್ವಾಮಿ ದೀಕ್ಷಿತರ ಕೃತಿಗಳು ಇಷ್ಟು ಖಚಿತವಾಗಿ ಉಳಿದದ್ದು ಅವುಗಳಲ್ಲಿ ‘ಗುರುಗುಹ’ ಮುದ್ರೆ ಇದೆ ಎಂದಲ್ಲ. 1904ರಲ್ಲಿ ಎಟ್ಟಯಪುರದ ಅಚ್ಚುಕೂಟದಿಂದ ಸುಬ್ಬರಾಮ ದೀಕ್ಷಿತರು ಗಮಕದ ಚಿಹ್ನೆಗಳ ಸಮೇತ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯನ್ನು ಹೊರತಂದದ್ದರಿಂದ. ಕವಿಯೂ ಮಟ್ಟು ಹಾಕಿದವನೂ ಒಬ್ಬನೇ ಆಗಿದ್ದಾಗ ಅಂಕಿತ ಒಂದು ಮಟ್ಟಿಗೆ ನಡೆಯುತ್ತದೆ. ಸಾಲಿಹ್ ಬೇರೆಯವರ ಕವಿತೆಗೆ ಸ್ವರ ಹಾಕುತ್ತಿದ್ದವನು. ಅವನು ಅಂಕಿತವನ್ನು ಎಲ್ಲಿ ಇಡಬೇಕಿತ್ತು, ಪಿಟೀಲಿನ ತಂತಿಯಲ್ಲೇ? ಬರೀ ನಾದ ಕಟ್ಟುವವನ ಹೆಸರು ಯಾವತ್ತೂ ಹಾಡಿನ ಹೊರಗೇ ಇರುತ್ತದೆ, ಮುಖಪುಟದಲ್ಲೋ, ಚೀಟಿಯಲ್ಲೋ, ನಿರೂಪಕನ ಬಾಯಲ್ಲೋ. ಹೊರಗಿರುವ ಹೆಸರನ್ನು ಕಾಯುವವನು ಹೊರಗಿನವನೇ ಆಗಬೇಕು.

ಒಬ್ಬರು: ಹಾಗಿದ್ದರೆ ಇನ್ನೂ ಕಟುವಾಗಿ ಕೇಳುತ್ತೇನೆ. ಹೆಸರು ಯಾಕೆ ಬೇಕು? ಹಾಡು ‘ಜನಪದ’ವಾಗುವುದು ರಚನಕಾರನಿಗೆ ಸಿಗಬಹುದಾದ ದೊಡ್ಡ ಗೌರವ ಎನ್ನುವವರಿದ್ದಾರೆ. ಮುತ್ತು ಹೆಕ್ಕಲು ಸಮುದ್ರಕ್ಕೆ ಹೋಗುತ್ತಿದ್ದ ದೋಣಿಗಳಲ್ಲಿ ನಹ್ಹಾಮ್ ಎಂಬ ಹಾಡುಗಾರ ಹಾಡುತ್ತಿದ್ದ ಹಾಡುಗಳನ್ನು ಕಟ್ಟಿದವರು ಯಾರು? ಯಾರೂ ಕೇಳುವುದಿಲ್ಲ, ಕಳೆದುಕೊಂಡದ್ದೂ ಇಲ್ಲ. ಹೆಸರಿನ ಹಸಿವೇ ಮಾರುಕಟ್ಟೆಯ ಕೊಡುಗೆ ಅಲ್ಲವೇ?

ಮತ್ತೊಬ್ಬರು: ಜನ ಮರೆತು ಜನಪದವಾಗುವುದು ಬೇರೆ, ಆಡಳಿತ ಮರೆಸಿ ಜನಪದ ಮಾಡುವುದು ಬೇರೆ. ದೋಣಿಯ ಹಾಡು ತಲೆಮಾರುಗಳ ಬಾಯಲ್ಲಿ ತಿರುಗಿ ತಿರುಗಿ ನಿಜಕ್ಕೂ ಹಲವರದಾಯಿತು. ಸಾಲಿಹ್ ಸತ್ತದ್ದು 1986ರಲ್ಲಿ. ಬದುಕಿದ್ದವನ ಕೃತಿಗೆ ಅನಾಮಿಕ ಎಂದು ಬರೆದರೆ ಅದು ಗೌರವವಲ್ಲ, ಕಳವು. ಅನಾಮಿಕ ಎಂದ ಮೇಲೆ ಯಾರಿಗೂ ಸಂಭಾವನೆ ಕೊಡಬೇಕಿಲ್ಲ ಎಂಬ ಅನುಕೂಲವೂ ಅದರ ಬೆನ್ನಿಗಿದೆ. ನೀವು ಆಗ ಹೇಳಿದ ಹಣದ ಕಾಲಮ್ಮು ಹೆಸರಿನ ಕಾಲಮ್ಮಿಗೆ ಬಂದು ಸೇರುವುದು ಇಲ್ಲಿ. ಹೆಸರು ಇದ್ದರೆ ತಾನೇ ಹಕ್ಕು ಕೇಳುವುದು? ಹೈಡನ್‌ನ ವಿಷಯ ನೋಡಿ. 1761ರ ಕರಾರಿನಲ್ಲಿ ಅವನು ಬರೆದದ್ದೆಲ್ಲ ಎಸ್ಟರ್‌ಹಾಜಿ ದೊರೆಗೆ ಮೀಸಲು, ಬೇರೆಯವರಿಗೆ ನಕಲು ಕೊಡುವಂತಿರಲಿಲ್ಲ. 1779ರ ಹೊಸ ಕರಾರಿನಲ್ಲಿ ಆ ಷರತ್ತು ಹೋಯಿತು, ಮರುವರ್ಷವೇ ವಿಯೆನ್ನಾದ ಆರ್ಟಾರಿಯಾ ಅವನ ಕೃತಿಗಳನ್ನು ಅಧಿಕೃತವಾಗಿ ಅಚ್ಚು ಹಾಕತೊಡಗಿತು. ಆರ್ಟಾರಿಯಾ ಜೊತೆ ಅವನು ಜಗಳವಾಡಿದ, ಮೋಸವನ್ನೂ ಮಾಡಿದ ಅನ್ನಿ. ಆದರೆ ಊಳಿಗದವನು ಜಗಳವಾಡುವ ಹಂತಕ್ಕೆ ಬಂದದ್ದೇ ಪ್ರಕಾಶಕನಿಂದ. ಈ ಮಾತನ್ನು ಕಾನೂನು ಬಹಳ ತಡವಾಗಿ ಒಪ್ಪಿಕೊಂಡಿತು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದು, ಗೀತೆ ಬರೆದವರೂ ಸ್ವರ ಹಾಕಿದವರೂ ತಮ್ಮ ರಾಯಧನದ ಪಾಲನ್ನು ಕಂಪನಿಗೆ ಬರೆದುಕೊಡಲು ಬಾರದಂತೆ ಮಾಡಬೇಕಾಯಿತು. ಕುವೈತ್, ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ ಸೇರಿದ್ದು 2014ರಲ್ಲಿ.

ಒಬ್ಬರು: ಕೊನೆಗೆ ಆ ಸಹೋದರರ ಹೆಸರನ್ನು ಮೇಲೆತ್ತಿದ್ದು ಕಂಪನಿಯೂ ಅಲ್ಲ, ಕಾನೂನೂ ಅಲ್ಲ, ಮಕ್ಕಳು, ಮೊಮ್ಮಕ್ಕಳು. 2009ರಲ್ಲಿ ಟೆಲ್ ಅವೀವಿನಲ್ಲಿ ಒಂದು ಬೀದಿಗೆ ಅವರ ಹೆಸರಿಟ್ಟರು. 2011ರಲ್ಲಿ ದಾವೂದ್‌ನ ಮೊಮ್ಮಗ ದೂದು ತಾಸಾ ಆ ಹಾಡುಗಳನ್ನು ಗಿಟಾರಿನ ಜೊತೆ ಮತ್ತೆ ಹಾಡಿ ಆಲ್ಬಂ ತಂದ, ತಂಡಕ್ಕೆ ‘ಕುವೈತಿಗಳು’ ಎಂದೇ ಹೆಸರು.

ಮತ್ತೊಬ್ಬರು: ಮೊಮ್ಮಗನಿಗೆ ಹಾಡಲು ಅಜ್ಜನ ದನಿ ಎಲ್ಲಿಂದ ಸಿಕ್ಕಿತು? ಧ್ವನಿಮುದ್ರಣದಿಂದ. ಹೊಸ ಆಲ್ಬಂನಲ್ಲಿ ಆ ಹಳೆಯ ದನಿಯೇ ಅಲ್ಲಲ್ಲಿ ಕೇಳಿಸುತ್ತದೆ. ಪ್ರಕಾಶಕನನ್ನು ನಾನು ದೇವರು ಮಾಡುತ್ತಿಲ್ಲ. ಅವನು ಕಡಿಮೆ ಕೊಟ್ಟ, ಕತ್ತರಿಸಿದ, ಹೆಸರು ತಿರುಚಿದ; ಆದರೆ ಒಂದು ಕೃತಿಯನ್ನು ಒಬ್ಬನ ಹೆಸರಿಗೆ ಕಟ್ಟಿ ನೂರು ಕೈಗೆ ಹಂಚಿದ. ಹಂಚಿದ್ದನ್ನು ಹಿಂದಕ್ಕೆ ಪಡೆಯಲು ಯಾವ ದೊರೆಗೂ ಆಗಲಿಲ್ಲ. ಇವತ್ತು ಆ ಚೀಟಿಯೂ ಹೋಗಿದೆ. ಫೋನಿನಲ್ಲಿ ಹಾಡು ಹುಡುಕಿದರೆ ಚಿತ್ರದ ಹೆಸರು, ಗಾಯಕರ ಹೆಸರು ಮೊದಲು ಕಾಣುತ್ತವೆ. ಸ್ವರ ಹಾಕಿದವರು ಯಾರೆಂದು ನೋಡಲು ಇನ್ನೆರಡು ಕಡೆ ಒತ್ತಬೇಕು, ಒತ್ತಿದರೂ ಅಲ್ಲಿರುವುದು ಕೆಲವೊಮ್ಮೆ ಬರೀ ಕಂಪನಿಯ ಹೆಸರು. ಹಳೆಯ ಜಿಂಕೆ ಗುರುತಿನ ಕಂಪನಿಗಿಂತ ಇದು ಹಿಂದಕ್ಕೆ ಹೋದಂತೆ.

ಒಬ್ಬರು: ಸರ್ಕಾರಗಳೂ ಕೆಲವೊಮ್ಮೆ ಸರಿಯಾದ ಕೆಲಸ ಮಾಡುತ್ತವೆ ಎಂದು ಸೇರಿಸಿ. ಕುವೆಂಪು ಅವರ ನಾಡಗೀತೆಗೆ ಮೈಸೂರು ಅನಂತಸ್ವಾಮಿ ಅವರ ಧಾಟಿ, ಎರಡೂವರೆ ನಿಮಿಷ ಎಂದು 2022ರಲ್ಲಿ ಕರ್ನಾಟಕ ಸರ್ಕಾರ ಆದೇಶ ಹೊರಡಿಸಿತು. ಸಿ. ಅಶ್ವಥ್ ಅವರ ಧಾಟಿಯೇ ಇರಬೇಕಿತ್ತೆಂದು ಹೈಕೋರ್ಟಿನವರೆಗೂ ವ್ಯಾಜ್ಯ ಹೋಯಿತು. ಎರಡೂ ಕಡೆಯವರು ಹೊಡೆದಾಡಿದ್ದು ಸ್ವರ ಹಾಕಿದವರ ಹೆಸರು ಹಿಡಿದು.

ಮತ್ತೊಬ್ಬರು: ಆ ವ್ಯಾಜ್ಯದಿಂದ ನನಗೆ ಬೇಸರವಾಗಲಿಲ್ಲ, ನಿಜ ಹೇಳಬೇಕೆಂದರೆ. ಧಾಟಿಗೂ ಒಬ್ಬ ಒಡೆಯನಿದ್ದಾನೆ ಎಂದು ಸರ್ಕಾರಿ ಕಾಗದದಲ್ಲಿ ದಾಖಲಾಯಿತಲ್ಲ. ಇಷ್ಟನ್ನು ನಾವು ಇಲ್ಲಿ, ಈ ಕುವೈತಿನಲ್ಲೇ ಮಾಡಬಹುದು. ಮುಂದಿನ ರಾಜ್ಯೋತ್ಸವದ ಕರಪತ್ರದಲ್ಲಿ ಪ್ರತಿ ಭಾವಗೀತೆಯ ಮುಂದೆ ಕವಿಯ ಹೆಸರು, ಹಾಡುವ ಮಕ್ಕಳ ಹೆಸರು ಹಾಕುವವರು, ದಯವಿಟ್ಟು, ಸ್ವರ ಸಂಯೋಜನೆ ಯಾರದು ಎಂಬ ಒಂದು ಸಾಲನ್ನೂ ಅಚ್ಚು ಹಾಕಿಸಿ.